ಟಿಬೆಟನ್ ನಿರಾಶ್ರಿತರು (ಕರ್ನಾಟಕ)

ತಾಯ್ನೆಲದಲ್ಲಿ ಜೀವಕ್ಕೋ ನಂಬಿಕೆಗೋ ಕುತ್ತು ಬಂದು ಗಡಿ ದಾಟಿದವರಿಗೆ ಇನ್ನೊಂದು ದೇಶ ನೀಡುವ ರಕ್ಷಣೆಗೆ ಆಶ್ರಯವೆಂದೂ, ಅವರು ಅಲ್ಲಿ ದುಡಿದು ಬಾಳಲು ಮಾಡಿಕೊಡುವ ಏರ್ಪಾಟಿಗೆ ಪುನರ್ವಸತಿಯೆಂದೂ ಹೆಸರು. ಇವೆರಡರ ಜೊತೆಗೆ ಕಾನೂನಿನ ಹಕ್ಕೂ ಸೇರದಿದ್ದರೆ ನಿರಾಶ್ರಿತರ ಬದುಕು ಪೂರ್ತಿ ನೆಲೆಗೊಳ್ಳುವುದಿಲ್ಲ ಎಂಬುದಕ್ಕೆ ಕರ್ನಾಟಕದ ಟಿಬೆಟನ್ನರ ಇತಿಹಾಸವೇ ಸಾಕ್ಷಿ. 1959ರ ಮಾರ್ಚ್‌ನಲ್ಲಿ ಲಾಸಾದಲ್ಲಿ ಎದ್ದ ದಂಗೆಯನ್ನು ಚೀನಾದ ಸೇನೆ ಹತ್ತಿಕ್ಕಿತು. ಹದಿನಾಲ್ಕನೆಯ ದಲೈ ಲಾಮಾ ಅದೇ ತಿಂಗಳ 31ರಂದು ಭಾರತ ಸೇರಿದರು. ಅವರ ಹಿಂದೆ ಸುಮಾರು 80,000 ಜನ ಬಂದರು. ಅಸ್ಸಾಮಿನ ಮಿಸಾಮಾರಿ, ಬಂಗಾಳದ ಬಕ್ಸಾ ಶಿಬಿರಗಳಲ್ಲಿ ತಂಗಿದ ಅನೇಕರು ಸೆಕೆಗೂ ಕಾಯಿಲೆಗೂ ಬಲಿಯಾದರು. ಇನ್ನೆಷ್ಟೋ ಮಂದಿ ಹಿಮಾಲಯದ ರಸ್ತೆ ಕೆಲಸಕ್ಕೆ ಕೂಲಿಗಳಾಗಿ ಹೋದರು. ಇವರೆಲ್ಲ ಒಟ್ಟಾಗಿ ನೆಲೆಸಲು ಜಾಗ ಕೊಡಿ ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ದೊಡ್ಡ ಮನಸ್ಸು ಮಾಡಿದ್ದು ಆಗಿನ ಮೈಸೂರು ರಾಜ್ಯ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲದ ಮೇಲೆ 1960–61ರಲ್ಲಿ ಮೊದಲ ನೆಲೆ ಎದ್ದಿತು. ಬಂದವರು ಮೊದಲು ಡೇರೆಗಳಲ್ಲೂ ಬಿದಿರಿನ ಗುಡಿಸಲುಗಳಲ್ಲೂ ಉಳಿದು ಮರ ಕಡಿದರು, ಬೇರು ಕಿತ್ತರು, ಕಡಿದ ಮರಗಳ ರಾಶಿಗೆ ಬೆಂಕಿಯಿಟ್ಟು ಹೊಲ ಹಸನು ಮಾಡಿದರು. ಬಾರ್ಲಿ ಬೆಳೆದು, ಯಾಕ್ ಮೇಯಿಸಿ ಬದುಕಿದ್ದ ಕೈಗಳು ಮುಸುಕಿನ ಜೋಳ ಬಿತ್ತಲು ಕಲಿತವು. ತೆನೆ ಕಟ್ಟುವ ಹೊತ್ತಿಗೆ ಆನೆ ಬರುತ್ತಿದ್ದುದರಿಂದ ರಾತ್ರಿಯಿಡೀ ಹೊಲ ಕಾಯಬೇಕಿತ್ತು. ಮುಂದೆ 1966ರಲ್ಲಿ ಮುಂಡಗೋಡದಲ್ಲೂ, 1970ರ ದಶಕದ ಮೊದಲಲ್ಲಿ ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲ ಸೀಮೆಯ ಒಡೆಯರಪಾಳ್ಯದಲ್ಲೂ ನೆಲೆಗಳಾದವು. ಟಿಬೆಟಿನ ಮಹಾವಿಹಾರಗಳಲ್ಲಿ ಸೆರಾ ಬೈಲಕುಪ್ಪೆಯಲ್ಲಿ, ಗಂದೆನ್ ಮತ್ತು ದ್ರೆಪುಂಗ್ ಮುಂಡಗೋಡದಲ್ಲಿ ಮರುಹುಟ್ಟು ಪಡೆದವು. ಈ ಏಳಿಗೆಗೆ ಕಾರಣ ಬರಿಯ ಸಹಾಯಧನವಲ್ಲ. ಒಂದೇ ಸಮುದಾಯಕ್ಕೆ ಒಂದೇ ಕಡೆ ಉಳುವ ನೆಲ, ಬೆಳೆ ಮಾರಲು ಸಹಕಾರ ಸಂಘ, ಮಕ್ಕಳಿಗೆ ತಾಯ್ನುಡಿ ಕಲಿಸುವ ಶಾಲೆ, ಹಿರಿಯರಿಗೆ ಮಠ ಇವೆಲ್ಲ ಒಟ್ಟಿಗೆ ಒದಗಿದ್ದೇ ಮುಖ್ಯ ಕಾರಣ. 1983ರ ನಂತರ ಬಂದ ಶ್ರೀಲಂಕಾದ ತಮಿಳರಲ್ಲಿ ಸಾವಿರಾರು ಮಂದಿ ದಶಕಗಳ ಕಾಲ ತಮಿಳುನಾಡಿನ ಶಿಬಿರಗಳಲ್ಲೇ ಉಳಿಯಬೇಕಾಯಿತು. ಅದರ ಪಕ್ಕದಲ್ಲಿಟ್ಟು ನೋಡಿದರೆ ನೆಲ ಕೊಟ್ಟದ್ದರ ಬೆಲೆ ತಿಳಿಯುತ್ತದೆ.

ಪರದೇಶದವರಿಗೆ ಕಾಡು ಕಡಿದು ಕೊಟ್ಟ ಸರ್ಕಾರ ಇಲ್ಲಿಯ ಭೂಹೀನರಿಗೆ ಏನು ಕೊಟ್ಟಿತು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅದೇ ಸೀಮೆಯ ಜೇನುಕುರುಬರನ್ನು ನಾಗರಹೊಳೆಯ ಕಾಡಿನಿಂದ ಎಬ್ಬಿಸಲಾಯಿತು. ಅವರ ಪಾಲಿನ ನ್ಯಾಯ ಇಂದಿಗೂ ಬಾಕಿಯಿದೆ. ಆದರೆ ಆ ಅನ್ಯಾಯ ಟಿಬೆಟನ್ನರಿಂದ ಆದದ್ದಲ್ಲ. ಒಬ್ಬ ನಿರ್ಗತಿಕನಿಗೆ ಕೊಟ್ಟದ್ದನ್ನು ತೋರಿಸಿ ಇನ್ನೊಬ್ಬನಿಗೂ ಕೊಡಿ ಎನ್ನುವುದು ನ್ಯಾಯ, ಅವನಿಂದ ಕಿತ್ತುಕೊಳ್ಳಿ ಎನ್ನುವುದು ನ್ಯಾಯವಲ್ಲ. ಪುನರ್ವಸತಿಯ ಅನುಭವ ಸ್ಥಳೀಯರಿಗೂ ಫಲ ಕೊಟ್ಟಿದೆ. ಟಿಬೆಟನ್ನರನ್ನು ನೆಲೆಗೊಳಿಸಲು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ರಾಜ್ಯದ ಬಡ ಹಳ್ಳಿಗಳತ್ತ ತಿರುಗಿ, ಸ್ವಸಹಾಯ ಸಂಘಗಳ ಚಳವಳಿಗೆ ದಾರಿ ತೋರಿದವರ ಸಾಲಿನಲ್ಲಿ ನಿಂತಿತು.

ನೆಲ ಸಿಕ್ಕಿತು, ಹಕ್ಕು ಸಿಗಲಿಲ್ಲ. ನಿರಾಶ್ರಿತರನ್ನು ಅಪಾಯದ ನಾಡಿಗೆ ಹಿಂದಕ್ಕೆ ಅಟ್ಟಬಾರದೆನ್ನುವ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕಾಗಲಿ, ಅದರ ಕಾಲಮಿತಿಯನ್ನು ತೆಗೆದುಹಾಕಿದ 1967ರ ಪ್ರೋಟೋಕಾಲ್‌ಗಾಗಲಿ ಭಾರತ ಸಹಿ ಹಾಕಿಲ್ಲ. ಆಶ್ರಯ ಕೋರಿ ಅರ್ಜಿ ಹಾಕಲು ದೇಶದಲ್ಲಿ ಪ್ರತ್ಯೇಕ ಕಾಯ್ದೆಯೇ ಇಲ್ಲ. 1946ರ ವಿದೇಶಿಯರ ಕಾಯ್ದೆಯ ಕಣ್ಣಿಗೆ ಟಿಬೆಟನ್ನರು ವಿದೇಶಿಯರಷ್ಟೇ ಆಗಿದ್ದರು. 2025ರಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯೂ ನಿರಾಶ್ರಿತರೆಂಬ ವರ್ಗವನ್ನು ರೂಪಿಸಿಲ್ಲ. ಅವರ ಕೈಯಲ್ಲಿರುವುದು ಆರ್‌ಸಿ ಎಂಬ ನೋಂದಣಿ ಪುಸ್ತಕ. ಫೋಟೊ, ವಿಳಾಸ, ಅವಧಿ ಮುಗಿಯುವ ತಾರೀಖು ಇರುವ ಆ ಪುಸ್ತಕವನ್ನು ಬೈಲಕುಪ್ಪೆಯಲ್ಲೇ ಹುಟ್ಟಿ, ಕುಶಾಲನಗರದ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುವವರೂ ನವೀಕರಿಸುತ್ತಿರಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟಿನ ಬದಲು ಐಸಿ ಎಂಬ ಹಳದಿ ಪುಸ್ತಕ.

ಕಾನೂನಿಲ್ಲದೆಯೂ ಭಾರತ ಉದಾರವಾಗಿ ನಡೆದುಕೊಂಡಿದೆ, ಕಾನೂನು ಮಾಡಿದರೆ ಸರ್ಕಾರದ ಕೈ ಕಟ್ಟಿದಂತಾಗುತ್ತದೆ ಎಂಬ ವಾದವಿದೆ. ಮೊದಲ ಮಾತು ಟಿಬೆಟನ್ನರ ಮಟ್ಟಿಗೆ ನಿಜ. ಆದರೆ ಒಬ್ಬರಿಗೆ ಹೊಲ, ಇನ್ನೊಬ್ಬರಿಗೆ ಶಿಬಿರ ಎಂಬ ತಾರತಮ್ಯಕ್ಕೆ ಎಡೆಯಾಗುವುದು ಕಾನೂನಿಲ್ಲದ ಉದಾರತೆಯಲ್ಲೇ. 1996ರಲ್ಲಿ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ನಾಗರಿಕರಲ್ಲದವರಿಗೂ ಉಂಟೆಂದು ಹೇಳಿತು. ಅದನ್ನು ಕಾಯ್ದೆಯ ರೂಪಕ್ಕೆ ತರುವ ಕೆಲಸ ಸಂಸತ್ತಿನದು. ಪೌರತ್ವ ಪಡೆದರೆ ಟಿಬೆಟಿನ ಹೋರಾಟ ಸೊರಗುತ್ತದೆ ಎಂಬ ಅಳುಕು ಟಿಬೆಟನ್ನರಲ್ಲೇ ಹಲವರಿಗಿದೆ. ಅದು ಗೌರವಿಸಬೇಕಾದ ನಿಲುವು, ಆದರೆ ಬೇಕು ಬೇಡವೆನ್ನುವ ಆಯ್ಕೆ ಆಯಾ ವ್ಯಕ್ತಿಗೆ ಸೇರಿದ್ದು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ನಾಗರಿಕರೆಂಬುದನ್ನು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದವು. ಆ ತಾರೀಖಿನ ನಂತರ ಅದೇ ಊರಿನಲ್ಲಿ ಟಿಬೆಟನ್ ತಂದೆತಾಯಿಗೆ ಹುಟ್ಟಿದವರಿಗೆ, ತಂದೆಯೋ ತಾಯಿಯೋ ನಾಗರಿಕರಾಗಿಲ್ಲದಿದ್ದರೆ, ಹುಟ್ಟೂರಿನಲ್ಲಿ ಉಳಿಯಲು ಇಂದಿಗೂ ಆರ್‌ಸಿಯೇ ಆಧಾರ.