ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತವರು

ಇವತ್ತು ಸ್ವಲ್ಪ ಉದ್ದ ಬರೀತಿದ್ದೀನಿ, ಪುರುಸೊತ್ತು ಮಾಡ್ಕೊಂಡು ಓದಿ. ಅಮೆರಿಕದ ಒಂದು ಕಾಲೇಜಿನ ಹುಡುಗಿಯರ ಸಾಫ್ಟ್‌ಬಾಲ್ ತಂಡದ ಚರಿತ್ರೆ ಇದು. ಮೀಸಲಾತಿ, ಒಳಮೀಸಲಾತಿ ಅಂತ ದಿನಾ ಜಗಳ ಆಡೋ ನಮಗೆ ಸಾಫ್ಟ್‌ಬಾಲ್ ಯಾಕೆ ಅಂತ ಕೇಳ್ತೀರಿ. ಸ್ವಲ್ಪ ತಾಳಿ.

1939ರಲ್ಲಿ ಜಾಕಿ ರಾಬಿನ್ಸನ್ ಎಂಬ ಕಪ್ಪು ಯುವಕ ಯುಸಿಎಲ್‌ಎಗೆ, ಅಂದ್ರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿಗೆ ಸೇರಿದರು. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಅಥ್ಲೆಟಿಕ್ಸ್, ಬೇಸ್‌ಬಾಲ್ ನಾಲ್ಕರಲ್ಲೂ ಆ ಕಾಲೇಜಿನ ಪದಕಪಟ್ಟಿ ಪಡೆದ ಮೊದಲಿಗರು ಅವರೇ. 1940ರ ಬೇಸ್‌ಬಾಲ್ ತಂಡದಲ್ಲಿ ಅವರು ನಿಂತದ್ದು ಶಾರ್ಟ್‌ಸ್ಟಾಪ್ ಜಾಗದಲ್ಲಿ. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಜಾಗ ಅದು. ಹೆಚ್ಚಿನ ಹೊಡೆತಗಳು ಅಲ್ಲಿಗೇ ನುಗ್ಗಿ ಬರ್ತವೆ, ಚುರುಕಾದವರನ್ನೇ ಅಲ್ಲಿ ನಿಲ್ಲಿಸ್ತಾರೆ. (ಆ ವರ್ಷ ಅವರ ಬ್ಯಾಟಿಂಗ್ ಸರಾಸರಿ .097. ನೂರು ಸಲ ಬ್ಯಾಟ್ ಹಿಡಿದ್ರೆ ಹತ್ತು ಹಿಟ್ ಕೂಡ ಇಲ್ಲ ಅಂತ ಅರ್ಥ! ಮುಂದೆ ಏನಾದರು ಅನ್ನೋದು ಜಗತ್ತಿಗೇ ಗೊತ್ತು.) 1947ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಪರ ಕಣಕ್ಕಿಳಿದು, ದೊಡ್ಡ ಲೀಗುಗಳು ಅರವತ್ತು ವರ್ಷ ಕಾಪಾಡಿಕೊಂಡು ಬಂದಿದ್ದ ಬಣ್ಣದ ಗೆರೆಯನ್ನ ಅಳಿಸಿದವರು ಅವರು. ನಮ್ಮ ಧಾರವಾಡದಲ್ಲೇ 1876ರಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ 1911ರಲ್ಲಿ ಇಂಗ್ಲೆಂಡಿನಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತು ಬಂದರೂ ಹಿಂದೂ ತಂಡದ ನಾಯಕತ್ವ ಕೊಡಲಿಲ್ಲ ಅನ್ನೋದನ್ನೂ ಇಲ್ಲೇ ನೆನಪು ಮಾಡ್ಕೊಳ್ಳಿ.

ಅದೇ ಯುಸಿಎಲ್‌ಎಯ ಹುಡುಗಿಯರ ಸಾಫ್ಟ್‌ಬಾಲ್ ತಂಡದಲ್ಲಿ, ಅದೇ ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡಿದ ನತಾಶಾ ವಾಟ್ಲಿ 2004ರಲ್ಲಿ ಅಮೆರಿಕದ ಒಲಿಂಪಿಕ್ ತಂಡ ಸೇರಿದರು. ಅಮೆರಿಕದ ಒಲಿಂಪಿಕ್ ಸಾಫ್ಟ್‌ಬಾಲ್ ತಂಡದಲ್ಲಿ ಆಡಿದ ಮೊದಲ ಕಪ್ಪು ಹೆಣ್ಣುಮಗಳು. ಇಸವಿ ಸರಿಯಾಗಿ ನೋಡಿ, 2004. ಸಾಫ್ಟ್‌ಬಾಲ್ ಒಲಿಂಪಿಕ್ಸ್‌ಗೆ ಬಂದದ್ದು 1996ರಲ್ಲಿ. ಆಗಲೂ, 2000ದಲ್ಲೂ ಚಿನ್ನ ಗೆದ್ದ ತಂಡದಲ್ಲಿ ಒಬ್ಬಳೇ ಒಬ್ಬ ಕಪ್ಪು ಹುಡುಗಿ ಇರಲಿಲ್ಲ. ಹೆಣ್ಣುಮಕ್ಕಳಿಗೆ ಕಾಲೇಜು ಕ್ರೀಡೆಯ ಬಾಗಿಲು ತೆರೆದ ಕಾನೂನು ಬಂದದ್ದು 1972ರಲ್ಲಿ. ಹಾಗಾದ್ರೆ ನಡುವಿನ 32 ವರ್ಷ ಆ ಬಾಗಿಲಲ್ಲಿ ಯಾರ್‍ಯಾರು ಒಳಗೆ ಹೋದರು?

ಆಟದ ಬಗ್ಗೆ ಎರಡು ಮಾತು. ಹೆಸರಲ್ಲಿ ಸಾಫ್ಟ್ ಇದೆಯೇ ಹೊರತು ಚೆಂಡೇನೂ ಮೆತ್ತಗಿಲ್ಲ, ತಗುಲಿದ್ರೆ ಮೂಳೆ ಮುರಿಯುತ್ತೆ. 1887ರಲ್ಲಿ ಷಿಕಾಗೋದ ಒಂದು ಬೋಟ್ ಕ್ಲಬ್ಬಿನೊಳಗೆ ಬಾಕ್ಸಿಂಗ್ ಗ್ಲೌಸು ಸುತ್ತಿ ಚೆಂಡು ಮಾಡ್ಕೊಂಡು, ಕೋಲು ಹಿಡಿದು ಗಂಡಸರು ಆಡಿದ ತಮಾಷೆಯಿಂದ ಹುಟ್ಟಿದ ಆಟ. ಬೇಸ್‌ಬಾಲ್‌ಗಿಂತ ಚೆಂಡು ದೊಡ್ಡದು, ಮೈದಾನ ಚಿಕ್ಕದು, ಚೆಂಡನ್ನ ಕೈ ಕೆಳಗಿಂದ ಬೀಸಿ ಎಸೀಬೇಕು, ಒಂಬತ್ತರ ಬದಲು ಏಳು ಇನ್ನಿಂಗ್ಸ್. ನಿಧಾನಕ್ಕೆ ಇದು ಹುಡುಗಿಯರ ಪಾಲಿನ ಆಟ ಆಯ್ತು, ಯಾಕಂದ್ರೆ ಬೇಸ್‌ಬಾಲ್‌ಗೆ ಅವರನ್ನ ಸೇರಿಸ್ತಿರಲಿಲ್ಲ. ಮುಂದೆ ಯುಸಿಎಲ್‌ಎಗೆ ಆಡಿ, ಡಾಕ್ಟರೂ ಆಗಿ, 1996ರ ಒಲಿಂಪಿಕ್ ಚಿನ್ನ ಗೆದ್ದ ಡಾಟ್ ರಿಚರ್ಡ್‌ಸನ್ ಚಿಕ್ಕವರಿದ್ದಾಗ ಒಬ್ಬ ಬೇಸ್‌ಬಾಲ್ ಕೋಚ್ ಹೇಳಿದನಂತೆ: ಕೂದಲು ಕತ್ತರಿಸ್ಕೊ, ನಿನ್ನನ್ನ ಬಾಬ್ ಅಂತ ಕರೀತೀವಿ, ಆಗ ಆಡಿಸ್ತೀನಿ ಅಂತ. ಹುಡುಗಿ ಒಪ್ಪಲಿಲ್ಲ. ಹೆಸರು ಮುಚ್ಚಿಟ್ಟು ಬಾಡಿಗೆ ಮನೆ ಹಿಡಿಯೋ ನಮ್ಮವರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಈಗ ಕಾನೂನಿಗೆ ಬರೋಣ. ಗುಮಾಸ್ತನ ಕೆಲಸ ಮಾಡೋ ನಮ್ಮಂಥವರಿಗೆ ಒಂದು ವಿದ್ಯೆ ಚೆನ್ನಾಗಿ ಗೊತ್ತು. ಹಳೇ ಸುತ್ತೋಲೆ ತೆಗೆದು, ಒಂದೆರಡು ಪದ ಬದಲಿಸಿ, ಹೊಸ ಸುತ್ತೋಲೆ ಟೈಪ್ ಮಾಡೋದು. ಅಮೆರಿಕದ ಟೈಟಲ್ ನೈನ್ ಕಾನೂನು ಆಗಿದ್ದೂ ಹೆಚ್ಚುಕಮ್ಮಿ ಹೀಗೇ. ಕಪ್ಪು ಜನ ಬೀದಿಗಿಳಿದು, ನಾಯಿ ಛೂ ಬಿಡಿಸ್ಕೊಂಡು, ಜೈಲು ಸೇರಿ, ಪ್ರಾಣ ಕೊಟ್ಟು ಪಡೆದ 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಆರನೇ ಭಾಗ ಅಂತ ಒಂದಿದೆ. ಸರ್ಕಾರದ ದುಡ್ಡು ಪಡೆಯೋ ಯಾವ ಕಾರ್ಯಕ್ರಮದಲ್ಲೂ ಜನಾಂಗ, ಬಣ್ಣ, ಮೂಲದೇಶದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಅನ್ನುತ್ತೆ ಅದು. ಆ ವಾಕ್ಯದ ಅಚ್ಚಿನಲ್ಲೇ, ಜನಾಂಗ ಇದ್ದ ಜಾಗದಲ್ಲಿ ಲಿಂಗ ಅಂತ ಹಾಕಿ, ಶಿಕ್ಷಣಕ್ಕೆ ಸೀಮಿತ ಮಾಡಿದ್ದು ಟೈಟಲ್ ನೈನ್. ಇಂಗ್ಲಿಷಿನಲ್ಲಿ ಅದರ ಮೂಲ ವಾಕ್ಯ 37 ಪದ, ಅಷ್ಟೆ. 1972ರ ಜೂನ್ 23ರಂದು ನಿಕ್ಸನ್ ಸಹಿ ಹಾಕಿದರು. ನಮ್ಮ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದ್ದೂ ಅದೇ ವರ್ಷ.

ಈ ಕಾನೂನಿಗಾಗಿ ಸಂಸತ್ತಿನಲ್ಲಿ ಹೋರಾಡಿದವರಲ್ಲಿ ಪ್ಯಾಟ್ಸಿ ಮಿಂಕ್ ಅವರನ್ನ ನಾವು ಮರೀಬಾರದು. ಹವಾಯಿಯ ಜಪಾನಿ ಮೂಲದ ಮನೆಯವರು, ಅಮೆರಿಕದ ಸಂಸತ್ತಿಗೆ ಹೋದ ಬಿಳಿಯರಲ್ಲದ ಮೊದಲ ಮಹಿಳೆ. ನೆಬ್ರಾಸ್ಕಾದಲ್ಲಿ ಓದುವಾಗ ಬಿಳಿಯರಲ್ಲದ ವಿದ್ಯಾರ್ಥಿಗಳಿಗೆ ಬೇರೆ ಹಾಸ್ಟೆಲ್ ಇಟ್ಟಿದ್ದರ ವಿರುದ್ಧ ಸಂಘಟನೆ ಕಟ್ಟಿ ಆ ನಿಯಮ ತೆಗೆಸಿದವರು. ಡಾಕ್ಟರ್ ಆಗೋಕೆ ಹೊರಟರೆ ಹೆಣ್ಣು ಅಂತ ಮೆಡಿಕಲ್ ಕಾಲೇಜುಗಳು ಸೀಟು ಕೊಡಲಿಲ್ಲ, ಅದಕ್ಕೇ ಲಾ ಓದಿದರು. ಅವರು ತೀರಿಕೊಂಡ 2002ರಲ್ಲಿ ಟೈಟಲ್ ನೈನ್‌ಗೆ ಅವರ ಹೆಸರನ್ನೇ ಇಟ್ಟರು.

ಕಾನೂನು ಬಂತು ಅಂದ ತಕ್ಷಣ ಮೈದಾನ ಸಿಗಲಿಲ್ಲ. 1971-72ರಲ್ಲಿ ಅಮೆರಿಕದ ಹೈಸ್ಕೂಲುಗಳಲ್ಲಿ ತಂಡ ಸೇರಿ ಆಡ್ತಿದ್ದ ಹುಡುಗರು 36 ಲಕ್ಷಕ್ಕೂ ಹೆಚ್ಚು, ಹುಡುಗಿಯರು 3 ಲಕ್ಷಕ್ಕಿಂತ ಕಡಿಮೆ. ಗಂಡಸರ ಕಾಲೇಜು ಕ್ರೀಡೆಯ ಯಜಮಾನ ಸಂಸ್ಥೆ ಎನ್‌ಸಿಎಎ ಈ ಕಾನೂನಿನಿಂದ ಕ್ರೀಡೆಯನ್ನ ಹೊರಗಿಡಬೇಕು ಅಂತ ಹಟ ಹಿಡೀತು, 1976ರಲ್ಲಿ ಕೋರ್ಟಿಗೂ ಹೋಯ್ತು. ಅಷ್ಟರಲ್ಲಿ ಹೆಣ್ಣುಮಕ್ಕಳು ಎಐಎಡಬ್ಲ್ಯು ಅಂತ ತಮ್ಮದೇ ಸಂಸ್ಥೆ ಕಟ್ಟಿಕೊಂಡು, ಕೈಲಿದ್ದ ಚಿಲ್ಲರೆ ಕಾಸಿನಲ್ಲೇ ರಾಷ್ಟ್ರಮಟ್ಟದ ಪಂದ್ಯಾವಳಿ ನಡೆಸ್ತಿದ್ದರು. ಯುಸಿಎಲ್‌ಎ ಸಾಫ್ಟ್‌ಬಾಲ್ ತಂಡ ಕಣ್ಣುಬಿಟ್ಟದ್ದು ಈ ಕಾಲದಲ್ಲಿ. 1975ರಲ್ಲಿ ಶರಾನ್ ಬ್ಯಾಕಸ್ ಕೋಚ್ ಆದರು. 1978ರಲ್ಲಿ ಎಐಎಡಬ್ಲ್ಯು ಪ್ರಶಸ್ತಿ ಬಂತು. ಆ ತಂಡದಲ್ಲಿ ಆಡಿದ ಸೂ ಎನ್‌ಕ್ವಿಸ್ಟ್ ಮುಂದೆ ಅದೇ ತಂಡದ ಕೋಚ್ ಆದರು.

ಹೆಂಗಸರ ಕ್ರೀಡೆಯಲ್ಲೂ ಕಾಸಿದೆ, ಟಿವಿ ಬರುತ್ತೆ ಅಂತ ವಾಸನೆ ಹತ್ತಿದ ಕೂಡಲೇ ಎನ್‌ಸಿಎಎ ಹಟ ಬಿಟ್ಟು ತಾನೇ ಹೆಂಗಸರ ಪಂದ್ಯಾವಳಿ ಶುರು ಮಾಡ್ತು. 1982ರಲ್ಲಿ ಒಮಾಹಾದಲ್ಲಿ ಅದರ ಮೊದಲ ಸಾಫ್ಟ್‌ಬಾಲ್ ಫೈನಲ್. ಫ್ರೆಸ್ನೋ ಸ್ಟೇಟ್ ತಂಡವನ್ನ ಸೋಲಿಸಿ ಯುಸಿಎಲ್‌ಎ ಗೆದ್ದಿತು. ಹೆಣ್ಣುಮಕ್ಕಳು ಕಟ್ಟಿದ್ದ ಎಐಎಡಬ್ಲ್ಯು ಬಾಗಿಲು ಹಾಕ್ತು. (ಆ ಫ್ರೆಸ್ನೋ ಕಾಲೇಜು ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೆ ಸೇರಿದ್ದು. ನಮ್ಮ ವಿದ್ಯಾರ್ಥಿಗಳ ಹೋರಾಟದಿಂದ 2022ರ ಜನವರಿಯಲ್ಲಿ ತನ್ನ ತಾರತಮ್ಯ ವಿರೋಧಿ ನಿಯಮದಲ್ಲಿ ಜಾತಿ ಅನ್ನೋ ಪದ ಸೇರಿಸಿದ ಯೂನಿವರ್ಸಿಟಿ ಅದೇ.)

ದುಡ್ಡು ಬಂದ ಮೇಲೆ ಇನ್ನೊಂದು ನಡೀತು. 1972ರಲ್ಲಿ ಅಮೆರಿಕದ ಕಾಲೇಜು ಹುಡುಗಿಯರ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತಂಡಗಳಿಗೆ ಹೆಂಗಸರೇ ಕೋಚ್. ಈಗ ಅರ್ಧಕ್ಕಿಂತ ಕಡಿಮೆ. ಸಂಬಳ ಇಲ್ಲದಾಗ ಹೆಂಗಸರ ಕೆಲಸ, ಸಂಬಳ ಬಂದ ಮೇಲೆ ಗಂಡಸರ ಕೆಲಸ! ಈ ವಿಷಯದಲ್ಲಿ ಯುಸಿಎಲ್‌ಎ ತಂಡವನ್ನ ಮೆಚ್ಚಲೇಬೇಕು. ಬ್ಯಾಕಸ್, ಅವರ ಶಿಷ್ಯೆ ಎನ್‌ಕ್ವಿಸ್ಟ್, ಆಮೇಲೆ ಅಲ್ಲೇ ಆಡಿ ಬೆಳೆದ ಕೆಲ್ಲಿ ಇನೊಯೆ-ಪೆರೆಜ್. ಕೈಯಿಂದ ಕೈಗೆ ಹೆಂಗಸರೇ ದಾಟಿಸಿಕೊಂಡು ಬಂದಿದ್ದಾರೆ. 1982ರಿಂದ 2019ರವರೆಗೆ 12 ಎನ್‌ಸಿಎಎ ಪ್ರಶಸ್ತಿ.

ಹದಿಮೂರನೆಯದೂ ಒಂದಿತ್ತು, 1995ರದು. ಹುಡುಗಿಯರ ಸಾಕರ್ ತಂಡಕ್ಕೆ ಇದ್ದ ಸ್ಕಾಲರ್‌ಶಿಪ್ಪನ್ನ ಸಾಫ್ಟ್‌ಬಾಲ್ ಆಟಗಾರ್ತಿಯರಿಗೆ ಕೊಟ್ಟು ಮಿತಿ ಮೀರಿದ್ದು ಸಾಬೀತಾಗಿ ಎನ್‌ಸಿಎಎ ಅದನ್ನ ಕಿತ್ಕೊಂಡಿತು. ಒಂದು ಲೆಕ್ಕದ ದುಡ್ಡು ಇನ್ನೊಂದು ಲೆಕ್ಕಕ್ಕೆ. ನಮ್ಮ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣ ಎಲ್ಲೆಲ್ಲಿಗೋ ಹರಿದಾಗ ಯಾರ ಪ್ರಶಸ್ತಿಯನ್ನೂ ಕಿತ್ಕೊಂಡಿದ್ದು ನಾನಂತೂ ಕಂಡಿಲ್ಲ.

ಬಾಗಿಲಲ್ಲಿ ಒಳಗೆ ಹೋದವರ ಮಾತಿಗೆ ಬರ್ತೀನಿ. ಕ್ಯೂಬಾದಿಂದ ಬಂದ ಅಪ್ಪ, ಪೋರ್ಟೊ ರಿಕೊದ ಅಮ್ಮನ ಮಗಳು ಲೀಸಾ ಫರ್ನಾಂಡಿಸ್ ಒಳಗೆ ಹೋದರು. ನಿನ್ನ ಮೈಕಟ್ಟು ಪಿಚಿಂಗ್‌ಗೆ ಆಗಲ್ಲ ಅಂತ ಹನ್ನೆರಡನೇ ವಯಸ್ಸಿಗೇ ಒಬ್ಬ ಕೋಚ್ ಹೇಳಿದ್ದನಂತೆ. ಯುಸಿಎಲ್‌ಎಯಲ್ಲಿ ಅವರು 93 ಪಂದ್ಯ ಗೆದ್ದು, ಸೋತದ್ದು ಬರೀ 7. ಆಮೇಲೆ ಮೂರು ಒಲಿಂಪಿಕ್ ಚಿನ್ನ. ಸಂತೋಷವೇ. ಆದರೆ ಸಾಲಿನ ಮುಂದೆ ಇದ್ದವರು ಹೆಚ್ಚಿನಂಶ ಬಿಳಿ ಮನೆಗಳ ಹುಡುಗಿಯರು. ಟೈಟಲ್ ನೈನ್‌ನಿಂದ ಕಪ್ಪು ಹೆಣ್ಣುಮಕ್ಕಳಿಗೂ ಲಾಭ ಆಯ್ತು, ಇಲ್ಲ ಅನ್ನಲ್ಲ, ಆದರೆ ಬ್ಯಾಸ್ಕೆಟ್‌ಬಾಲ್ ಮತ್ತು ಓಟದಲ್ಲೇ ಅವರು ಗುಂಪಾಗಿ ಉಳಿದರು. ಸಾಫ್ಟ್‌ಬಾಲ್‌ಗೆ ಹುಲ್ಲಿನ ಮೈದಾನ ಬೇಕು, ಗ್ಲೌಸು ಬೇಕು, ಒಂದೊಂದು ಬ್ಯಾಟಿಗೆ ನೂರಾರು ಡಾಲರ್. ಕಾಲೇಜಿನ ಕೋಚುಗಳು ಹುಡುಗಿಯರನ್ನ ಆರಿಸೋದು ಬಹುಪಾಲು ಖಾಸಗಿ ಕ್ಲಬ್ಬುಗಳ ಪಂದ್ಯಾವಳಿಗಳಲ್ಲಿ. ಅಲ್ಲಿ ಊರೂರು ಸುತ್ತಿ ಆಡೋಕೆ ವರ್ಷಕ್ಕೆ ಸಾವಿರಾರು ಡಾಲರ್ ಬೇಕು. ಕಾಗದದ ಮೇಲೆ ಯಾರಿಗೂ ಅಡ್ಡಿ ಇಲ್ಲ. ಬಸ್ ಚಾರ್ಜು ಇಲ್ಲ ಅಷ್ಟೆ.

ಕಾನೂನು ಇದನ್ನ ಹಿಡಿಯಲ್ಲ. ಒಂದು ಕಾನೂನು ಜನಾಂಗದ್ದು, ಇನ್ನೊಂದು ಲಿಂಗದ್ದು. ಟೈಪ್ ಮಾಡುವಾಗ ಒಂದರ ಜಾಗದಲ್ಲಿ ಇನ್ನೊಂದು ಬಂತೇ ಹೊರತು ಎರಡೂ ಒಟ್ಟಿಗೆ ಬರಲಿಲ್ಲ. ಕಾಲೇಜಿನವರು ಲೆಕ್ಕ ಒಪ್ಪಿಸುವಾಗ ಹುಡುಗರೆಷ್ಟು, ಹುಡುಗಿಯರೆಷ್ಟು ಅಂತ ತೋರಿಸಿದರೆ ಆಯ್ತು.

ಈ ಸಂದಿಗೆ ಹೆಸರು ಕೊಟ್ಟವರೂ ಅದೇ ಕ್ಯಾಂಪಸ್ಸಿನವರು. ಯುಸಿಎಲ್‌ಎ ಲಾ ಕಾಲೇಜಿನ ಪ್ರೊಫೆಸರ್ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ಬರೆದ ಲೇಖನದಿಂದಲೇ ಇಂಟರ್‌ಸೆಕ್ಷನಾಲಿಟಿ ಅನ್ನೋ ಪದ ಬಂದದ್ದು. ಸಾಫ್ಟ್‌ಬಾಲ್ ತಂಡ ಸಾಲಾಗಿ ಮೂರು ಪ್ರಶಸ್ತಿ ಗೆದ್ದ ವರ್ಷಗಳ ನಡುವಿನ ವರ್ಷ ಅದು. ಅವರು ಎತ್ತಿಕೊಂಡ ಕೇಸುಗಳಲ್ಲಿ ಜನರಲ್ ಮೋಟಾರ್ಸ್ ಮೇಲೆ ಐವರು ಕಪ್ಪು ಹೆಂಗಸರು ಹಾಕಿದ್ದು ಒಂದು. 1964ಕ್ಕೆ ಮುಂಚೆ ಆ ಕಾರ್ಖಾನೆ ಕಪ್ಪು ಹೆಂಗಸರನ್ನ ಕೆಲಸಕ್ಕೇ ತಗೊಂಡಿರಲಿಲ್ಲ. ಆಮೇಲೆ ಮಂದಿ ಕಡಿಮೆ ಮಾಡುವಾಗ ಕೊನೇಲಿ ಬಂದವರನ್ನ ಮೊದಲು ತೆಗೆದ್ರು, ಇವರೇ ಹೋದರು. ಕಂಪನಿ ಹೆಂಗಸರನ್ನ ತಗೊಂಡಿದೆ (ಅವರು ಬಿಳಿಯರು), ಹಾಗಾಗಿ ಲಿಂಗಭೇದ ಇಲ್ಲ, ಎರಡನ್ನೂ ಕೂಡಿಸಿ ಹೊಸದೊಂದು ವರ್ಗ ಮಾಡೋಕಾಗಲ್ಲ ಅಂತ 1976ರಲ್ಲಿ ಕೋರ್ಟು ಹೇಳ್ತು.

2023ರ ಮಹಿಳಾ ಮೀಸಲಾತಿ ತಿದ್ದುಪಡಿ ನೆನಪಿಸಿಕೊಳ್ಳಿ. ಪರಿಶಿಷ್ಟರ ಸೀಟುಗಳೊಳಗೆ ಮೂರನೇ ಒಂದು ಭಾಗ ನಮ್ಮ ಹೆಣ್ಣುಮಕ್ಕಳಿಗೆ ಬರೆದರು, ಹಿಂದುಳಿದವರ ಹೆಣ್ಣುಮಕ್ಕಳಿಗೆ ಏನೂ ಬರೀಲಿಲ್ಲ. ಹೆಣ್ಣಿನೊಳಗೆ ಮತ್ತೆ ಯಾಕ್ರೀ ಜಾತಿ ತರ್ತೀರಿ ಅಂತ ಕೇಳೋ ಮೇಡಂಗಳು ನಮ್ಮಲ್ಲೂ ಇದ್ದಾರೆ. ಅವರಿಗೆ ಈ ಸಾಫ್ಟ್‌ಬಾಲ್ ತಂಡದ ಹಳೇ ಫೋಟೋಗಳನ್ನ ತೋರಿಸಬೇಕು.

ನತಾಶಾ ವಾಟ್ಲಿ ಲಾಸ್ ಏಂಜಲೀಸ್ ಹತ್ತಿರದ ಅರ್ವೈನ್‌ನಲ್ಲಿ ಬೆಳೆದವರು. ಎಡಗಡೆ ನಿಂತು, ಓಟ ಶುರು ಮಾಡಿಕೊಂಡೇ ಚೆಂಡನ್ನ ಮೆಲ್ಲಗೆ ತಟ್ಟಿ, ಫೀಲ್ಡರು ಎತ್ತಿ ಎಸೆಯೋದರೊಳಗೆ ಮೊದಲ ಬೇಸ್ ಮುಟ್ಟಿಬಿಡೋದು ಅವರ ವಿದ್ಯೆ. ಅದಕ್ಕೆ ಸ್ಲ್ಯಾಪ್ ಅಂತಾರೆ. ನಾಲ್ಕು ವರ್ಷವೂ ಆಲ್-ಅಮೆರಿಕನ್ ಪಟ್ಟಿಯಲ್ಲಿದ್ದರು. ಕೊನೇ ವರ್ಷ, 2003ರಲ್ಲಿ, ಬರ್ಕ್ಲಿ ತಂಡವನ್ನ 1-0ಯಿಂದ ಸೋಲಿಸಿ ಯುಸಿಎಲ್‌ಎ ಪ್ರಶಸ್ತಿ ಗೆದ್ದಿತು. ಮರುವರ್ಷ ಅಥೆನ್ಸ್‌ನಲ್ಲಿ ಅಮೆರಿಕ ಇಡೀ ಒಲಿಂಪಿಕ್ಸ್‌ನಲ್ಲಿ 51 ರನ್ ಹೊಡೆದು, ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಒಂದೇ ಒಂದು ರನ್. 2008ರಲ್ಲಿ ಬೆಳ್ಳಿ. ಅದಾದ ಮೇಲೆ ಒಲಿಂಪಿಕ್ಸ್‌ನಿಂದ ಸಾಫ್ಟ್‌ಬಾಲನ್ನೇ ಕೈಬಿಟ್ಟರು, ವಾಟ್ಲಿ ಜಪಾನಿಗೆ ಹೋಗಿ ಟೊಯೋಟಾ ಕಂಪನಿಯ ತಂಡಕ್ಕೆ ವರ್ಷಗಟ್ಟಲೆ ಆಡಿದರು.

2014ರಲ್ಲಿ ಯುಸಿಎಲ್‌ಎ ಜಾಕಿ ರಾಬಿನ್ಸನ್ ಗೌರವಕ್ಕೆ 42ನೇ ನಂಬರನ್ನ ಎಲ್ಲಾ ಆಟಗಳ ತಂಡಗಳಿಂದಲೂ ತೆಗೆದಿಟ್ಟಿತು. ಈಗ ಸಾಫ್ಟ್‌ಬಾಲ್ ಹುಡುಗಿಯರೂ ಆ ನಂಬರ್ ಹಾಕುವಂತಿಲ್ಲ. ನಂಬರ್ ಇಡೋದು ಸುಲಭ ಬಿಡಿ. ವಾಟ್ಲಿ ತಮ್ಮ ಹೆಸರಲ್ಲೇ ಒಂದು ಫೌಂಡೇಶನ್ ಮಾಡಿ, ಲಾಸ್ ಏಂಜಲೀಸ್‌ನ ಬಡ ಕೇರಿಗಳಲ್ಲಿ ಲೀಗು, ತರಬೇತಿ ಶಿಬಿರ ನಡೆಸ್ತಾ, ಈ ಆಟವನ್ನೇ ಕಾಣದ ಹುಡುಗಿಯರ ಕೈಗೆ ಬ್ಯಾಟು ಕೊಡೋ ಕೆಲಸ ಹಿಡಿದಿದ್ದಾರೆ.