ಬೆಳ್ಳಿಯ ಡಾಲರೂ ನಮ್ಮ ರೂಪಾಯಿಯೂ

ಅಮೆರಿಕಾ ದೇಶದ ನಾಣ್ಯಸಂಗ್ರಹಕಾರರು ಒಂದು ವಸ್ತುವನ್ನು ಬಹು ಆದರದಿಂದ ಕಾಣುತ್ತಾರೆ. ನೋಡುವುದಕ್ಕೆ ಅದು ಮಾಸಿದ ಕಾಗದದ ಒಂದು ಗಿಡ್ಡ ಸುರುಳಿ; ಒಳಗೆ ಒಂದರ ಮೇಲೊಂದಾಗಿ ಜೋಡಿಸಿದ ೨೦ ಬೆಳ್ಳಿಯ ಡಾಲರುಗಳು. ಬ್ಯಾಂಕಿನವರು ಎಣಿಕೆಯ ಸೌಕರ್ಯಕ್ಕಾಗಿ ಸುತ್ತಿಟ್ಟದ್ದೇ ಹೊರತು ಅದರಲ್ಲಿ ಕಲೆಯ ಮಾತೇನೂ ಇಲ್ಲ. ಆದರೂ ಹಲವು ದಶಕಗಳ ಕಾಲ ಬಿಚ್ಚದೆ ಉಳಿದ ಸುರುಳಿಯೊಂದು ಕೈಗೆ ಬಂದರೆ, ಒಡೆಯುವುದೋ ಬೇಡವೋ ಎಂದು ಬಲ್ಲವರೂ ಹಿಂದುಮುಂದು ನೋಡುತ್ತಾರೆ. ಹೊರಕ್ಕೆ ಕಾಣುವ ಎರಡು ತುದಿಯ ನಾಣ್ಯಗಳು ಗಾಳಿಯ ಸೋಂಕಿನಿಂದಲೂ ಕಾಗದದಲ್ಲಿರುವ ಗಂಧಕದ ಅಂಶದಿಂದಲೂ ಬಣ್ಣಗೆಟ್ಟಿರುತ್ತವೆ. ನಮ್ಮ ಮನೆಗಳ ಪಂಚಪಾತ್ರೆ ಉದ್ಧರಣೆಗಳು ಕಪ್ಪಾಗುವುದೂ ಗಂಧಕದಿಂದಲೇ ಅಲ್ಲವೇ? ನಡುವಿನ ನಾಣ್ಯಗಳೋ, ಟಂಕಸಾಲೆಯಿಂದ ಆಗತಾನೆ ಬಂದಂತೆ ಬೆಳ್ಳಗೆ ಹೊಳೆಯುತ್ತಿರಬಹುದು.

ಇಷ್ಟು ಹಳೆಯ ನಾಣ್ಯ ಸವೆಯದೆ ಉಳಿದದ್ದು ಹೇಗೆಂದರೆ, ಅದನ್ನು ಬಳಸಿದವರೇ ಕಡಮೆ. ನೆವಾಡಾ ಮೊದಲಾದ ಪಶ್ಚಿಮ ಪ್ರಾಂತಗಳ ಗಣಿಗಳಲ್ಲಿ ಬೆಳ್ಳಿ ಧಾರಾಳವಾಗಿ ದೊರೆತು ಅದರ ಬೆಲೆ ಇಳಿಯುತ್ತಿದ್ದ ಕಾಲವದು. ಗಣಿಯವರ ಒತ್ತಾಯಕ್ಕೂ, ಸಾಲದ ಹೊರೆ ಹೊತ್ತ ರೈತರ ಕೂಗಿಗೂ ಮಣಿದ ಶಾಸನಸಭೆ, ೧೮೭೮ರಲ್ಲಿ, ಅಧ್ಯಕ್ಷ ಹೇಯ್ಸ್ ಅವರ ನಿಷೇಧವನ್ನೂ ಮೀರಿ ಒಂದು ಕಾನೂನು ಮಾಡಿತು. ತಿಂಗಳು ತಿಂಗಳೂ ೨೦ ಲಕ್ಷದಿಂದ ೪೦ ಲಕ್ಷ ಡಾಲರಿನವರೆಗಿನ ಬೆಲೆಯ ಬೆಳ್ಳಿಯನ್ನು ಬೊಕ್ಕಸವು ಕೊಂಡು ನಾಣ್ಯ ಹೊಡೆಯಲೇಬೇಕು. ಇಂಗ್ಲೆಂಡಿನಲ್ಲಿ ಹುಟ್ಟಿದ ಜಾರ್ಜ್ ಮಾರ್ಗನ್ ಎಂಬ ಶಿಲ್ಪಿ ಕೆತ್ತಿದ ಅಚ್ಚಿನಿಂದ ಫಿಲಡೆಲ್ಫಿಯ, ಸ್ಯಾನ್ ಫ್ರಾನ್ಸಿಸ್ಕೋ, ನ್ಯೂ ಆರ್ಲಿಯನ್ಸ್, ಕಾರ್ಸನ್ ಸಿಟಿ ಟಂಕಸಾಲೆಗಳು ಡಾಲರನ್ನು ಸುರಿಸಿದವು. ಜನಕ್ಕೆ ಮಾತ್ರ ಆ ಭಾರ ಬೇಡವಾಯಿತು. ಪೂರ್ವ ಪ್ರಾಂತಗಳವರು ಕಾಗದದ ನೋಟನ್ನೇ ಮೆಚ್ಚಿದರು. ಆದಕಾರಣ ಕೋಟಿಗಟ್ಟಲೆ ಡಾಲರುಗಳು, ಚೀಲಕ್ಕೆ ೧೦೦೦ದಂತೆ, ನೋಟುಗಳಿಗೆ ಆಧಾರವಾಗಿ ನೆಲಮಾಳಿಗೆಯಲ್ಲಿ ಕುಳಿತುವು.

ಈ ನಿದ್ರೆಯನ್ನು ಕೆಡಿಸಿದ್ದು ನಮ್ಮ ದೇಶ. ಮೊದಲನೆಯ ಮಹಾಯುದ್ಧದಲ್ಲಿ ಇಂಡಿಯಾದಿಂದ ಗೋಧಿ, ಸೆಣಬು, ಚರ್ಮ ಎಡೆಬಿಡದೆ ಹೊರಟುವು. ಪ್ರತಿಯಾಗಿ ಬರಬೇಕಾದ ಸರಕು ಬರಲಿಲ್ಲ. ಮೆಸೊಪೊಟೇಮಿಯದ ಸೈನ್ಯದ ಖರ್ಚೂ ರೂಪಾಯಿಯಲ್ಲಿಯೇ ನಡೆಯಬೇಕು. ರೈತನು ಕೈಗೆ ಬಂದ ರೂಪಾಯಿಯನ್ನು ಹೂತಿಟ್ಟನು. ಸರ್ಕಾರ ೧೯೧೭ರಲ್ಲಿ ಒಂದು ರೂಪಾಯಿಯ ನೋಟನ್ನೂ, ಮರುವರ್ಷ ಎರಡೂವರೆ ರೂಪಾಯಿಯ ನೋಟನ್ನೂ ಹೊರಡಿಸಿತಾದರೂ ಬೆಳ್ಳಿಯ ಹಸಿವು ಹಿಂಗಲಿಲ್ಲ. ೧೯೧೮ರ ಬೇಸಗೆಯಲ್ಲಿ ಮುಂಬಯಿಯ ಜನ ನೋಟು ಹಿಡಿದು ಬೆಳ್ಳಿಗಾಗಿ ಮುಗಿಬಿದ್ದರು. ಕೇಳಿದವರಿಗೆ ಬೆಳ್ಳಿ ಕೊಡಲಾಗದೆ ಹೋದರೆ ನೋಟಿಗೆ ಮಾನವೆಲ್ಲಿಯದು? ರಾಜ್ಯಕ್ಕೆ ತಾನೆ ಮಾನವೆಲ್ಲಿಯದು?

ಬ್ರಿಟನ್ನು ಅಮೆರಿಕೆಯ ಬಾಗಿಲು ತಟ್ಟಿತು. ೧೯೧೮ರ ಏಪ್ರಿಲ್ ೨೩ರಂದು, ನೆವಾಡಾದ ಪಿಟ್‌ಮನ್ ಎಂಬ ಸದಸ್ಯರು ತಂದ ಕಾನೂನು ಜಾರಿಗೆ ಬಂದು, ೨೭ ಕೋಟಿಗೂ ಹೆಚ್ಚು ಡಾಲರುಗಳು ಮೂಸೆಗೆ ಬಿದ್ದುವು. ಅದರಲ್ಲಿ ಸುಮಾರು ೨೫ ಕೋಟಿ ೯೧ ಲಕ್ಷದ ಬೆಳ್ಳಿ ಇಂಡಿಯಾದ ಪಾಲು. ಡಾಲರಿನಲ್ಲಿದ್ದ ಅಪ್ಪಟ ಬೆಳ್ಳಿ ೩೭೧¼ ಗ್ರೇನು. ನಮ್ಮ ರೂಪಾಯಿಯಲ್ಲಿ ೧೬೫. ಎಂದರೆ ಒಂದು ಡಾಲರಿನಿಂದ ಎರಡೂಕಾಲು ರೂಪಾಯಿ. ಕೂದಲೆಳೆಯಷ್ಟೂ ಹೆಚ್ಚು ಕಡಮೆಯಿಲ್ಲ. ಕರಗಿದಷ್ಟು ಬೆಳ್ಳಿಯನ್ನು ಸ್ವದೇಶದ ಗಣಿಗಳಿಂದ ಔನ್ಸಿಗೆ ಒಂದು ಡಾಲರಿನಂತೆ ಮತ್ತೆ ಕೊಳ್ಳಬೇಕೆಂಬ ಮಾತನ್ನೂ ಕಾನೂನಿನಲ್ಲಿ ಸೇರಿಸಿದ್ದರು. ಮಿತ್ರನಿಗೆ ನೆರವಾಗುವಾಗಲೂ ನೆವಾಡಾ ತನ್ನ ಗಣಿಗಳನ್ನು ಮರೆಯಲಿಲ್ಲವೆಂಬುದು ಗಮನಾರ್ಹ.

ಸಂಗ್ರಹಕಾರರಿಗೆ ಪೇಚಾಟವಾದದ್ದು ಮುಂದೆ. ಯಾವ ವರ್ಷದ, ಯಾವ ಟಂಕಸಾಲೆಯ ನಾಣ್ಯಗಳು ಕರಗಿದುವೆಂದು ಯಾರೂ ಬರೆದಿಡಲಿಲ್ಲ. ಹೊಡೆದ ಲೆಕ್ಕವುಂಟು, ಉಳಿದ ಲೆಕ್ಕವಿಲ್ಲ. ೧೯೦೩ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ೪೪ ಲಕ್ಷಕ್ಕೂ ಮೀರಿ ಡಾಲರುಗಳು ತಯಾರಾದರೂ ಪೇಟೆಯಲ್ಲಿ ಕಾಣಸಿಗುತ್ತಿದ್ದುದು ಬೆರಳೆಣಿಕೆ. ಉಳಿದುವೆಲ್ಲ ಕರಗಿದುವೆಂದು ಬಲ್ಲವರು ತೀರ್ಮಾನಿಸಿದರು. ಹೊಸದಾಗಿಯೇ ಉಳಿದ ಒಂದಕ್ಕೆ ೧೫೦೦ ಡಾಲರಿನವರೆಗೂ ಬೆಲೆ ಏರಿತು. ೧೯೬೨ರ ಕೊನೆಯಲ್ಲಿ ಫಿಲಡೆಲ್ಫಿಯದ ನೆಲಮಾಳಿಗೆಯಿಂದ ಅದೇ ನಾಣ್ಯಗಳು ಚೀಲಚೀಲವಾಗಿ ಹೊರಬಿದ್ದುವು, ಬೆಲೆ ಕುಸಿದುಬಿತ್ತು. ನೋಟು ಕೊಟ್ಟು ಡಾಲರು ತರುವುದಕ್ಕೆ ಜನ ಸಾಲುಗಟ್ಟಿದರು. ೧೯೬೪ರ ಮಾರ್ಚಿಯಲ್ಲಿ ಬೊಕ್ಕಸ ಬಾಗಿಲು ಹಾಕುವ ಹೊತ್ತಿಗೆ ಉಳಿದದ್ದು ಸುಮಾರು ೩೦ ಲಕ್ಷ, ಬಹುಪಾಲು ಕಾರ್ಸನ್ ಸಿಟಿಯದು. ಅವುಗಳನ್ನು ೧೯೭೨ರಿಂದ ೧೯೮೦ರವರೆಗೆ ಸರ್ಕಾರವೇ ಅಂಚೆಯ ಮೂಲಕ ಮಾರಿತು.

ಕರಗದೆ ಉಳಿದವುಗಳೇ ಇಂದು ಸುರುಳಿಗಳಲ್ಲಿವೆ. ಕರಗಿದವುಗಳ ಸುಳಿವನ್ನು ನಾವು ಮನೆಯಲ್ಲಿಯೇ ಹುಡುಕಬಹುದು. ಅಜ್ಜಿಯ ಪೆಟ್ಟಿಗೆಯಲ್ಲಿ ಐದನೆಯ ಜಾರ್ಜ್ ದೊರೆಯ ಮುಖವಿರುವ, ತೊಲ ತೂಗುವ ರೂಪಾಯಿ ಇದ್ದರೆ ಇಸವಿಯನ್ನು ನೋಡಿ. ೧೯೧೮ ಅಥವಾ ೧೯೧೯ ಆಗಿದ್ದರೆ ಅದರ ಬೆಳ್ಳಿ ಒಮ್ಮೆ ಮಾರ್ಗನ್ನರ ಹದ್ದನ್ನು ಹೊತ್ತಿದ್ದಿರಬಹುದು. ಹಿಂಬದಿಯಲ್ಲಿ, ಕೆಳಗಿನ ಕಮಲದ ಬಳಿ ಸಣ್ಣದೊಂದು ಚುಕ್ಕೆಯಿದ್ದರೆ ಆ ರೂಪಾಯಿ ಮುಂಬಯಿಯದು, ಇಲ್ಲದಿದ್ದರೆ ಕಲ್ಕತ್ತೆಯದು.