ಸಿ.ಎಸ್. ಪುರದ ‘ಪುರ’

ಗುಬ್ಬಿ ತಾಲ್ಲೂಕಿನ ಚಂದ್ರಶೇಖರಪುರವನ್ನು ಜನ ಸಿ.ಎಸ್. ಪುರ ಎಂದೇ ಕರೆಯುತ್ತಾರೆ. ಚಂದ್ರಶೇಖರ ಎರಡಕ್ಷರಕ್ಕೆ ಇಳಿದ, ‘ಪುರ’ ಮಾತ್ರ ಇಡಿಯಾಗಿ ಉಳಿಯಿತು. ಬೆಂಗಳೂರಿನ ಕೆ.ಆರ್. ಪುರದಲ್ಲೂ ಆದದ್ದು ಇದೇ.

ವೇದದ ಕಾಲದಲ್ಲಿ ಪುರವೆಂದರೆ ಕೋಟೆ. ಅದನ್ನು ಒಡೆದವನಾದ್ದರಿಂದ ಇಂದ್ರ ಪುರಂದರ. ಗ್ರೀಕರ ‘ಪೋಲಿಸ್’ ಕೂಡ ಇದೇ ಬೇರಿನದು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಮುಂದೆ ಈ ಪದ ಕೋಟೆಗೋಡೆ ದಾಟಿ ಬಯಲಿಗೆ ಬಂತು. ವಿಜಯನಗರದ ಪುರಗಳನ್ನೇ ನೋಡಿ: ನಡುವೆ ಗುಡಿ, ಮುಂದೆ ನೇರವಾದ ತೇರುಬೀದಿ, ಇಕ್ಕೆಲಗಳಲ್ಲಿ ಅಂಗಡಿಸಾಲು, ಹತ್ತಿರದಲ್ಲೇ ಪುಷ್ಕರಣಿ. ವಿಠ್ಠಲಾಪುರ, ಕೃಷ್ಣಾಪುರ, ಅಚ್ಯುತಾಪುರಗಳ ಆ ಬೀದಿಗಳಲ್ಲಿ ಹಂಪಿಗೆ ಹೋದವರು ಇಂದಿಗೂ ನಡೆದಾಡಬಹುದು. ತೇರಿಗೆ ದಾರಿ, ಸಂತೆಗೆ ಜಾಗ, ನೀರಿಗೆ ನೆಲೆ. ಊರು ಕಟ್ಟುವ ವಿದ್ಯೆಯ ತಳಪಾಯ ಇಷ್ಟರಲ್ಲೇ ಇದೆ.

ಈಗ ಪುರವಾಗಲು ತಲೆಯೆಣಿಕೆ ಬೇಕು. ರಾಜ್ಯದ ಕಾಯ್ದೆಯಂತೆ ಜನಸಂಖ್ಯೆ 10 ಸಾವಿರ ಮುಟ್ಟಿದರೆ ಪಟ್ಟಣ ಪಂಚಾಯಿತಿ, 20 ಸಾವಿರದಿಂದ 50 ಸಾವಿರದವರೆಗೆ ಪುರಸಭೆ, ಆಮೇಲೆ ನಗರಸಭೆ, 3 ಲಕ್ಷ ದಾಟಿದರೆ ಮಹಾನಗರ ಪಾಲಿಕೆ. ಜನಸಾಂದ್ರತೆ, ಬೇಸಾಯೇತರ ಕಸುಬುಗಳ ಲೆಕ್ಕವೂ ಉಂಟು. ಹಾಗಾಗಿ ಹೆಸರಲ್ಲಿ ಪುರವಿಲ್ಲದ ಕುಣಿಗಲ್ಲಿಗೆ ಪುರಸಭೆ, ಹೆಸರಲ್ಲೇ ಪುರವಿರುವ ಸಿ.ಎಸ್. ಪುರಕ್ಕೆ ಗ್ರಾಮ ಪಂಚಾಯಿತಿ.

ತಲೆ ಎಣಿಸಿ ಮುಗಿಯುವವರೆಗೆ ಊರು ಕಾಯುವುದಿಲ್ಲ. ಅಷ್ಟರಲ್ಲಿ ಹೊಲ ನಿವೇಶನವಾಗಿರುತ್ತದೆ, ಕೆರೆಗೆ ನೀರು ತರುವ ಕಾಲುವೆ ಮನೆಗಳ ಅಡಿ ಸೇರಿರುತ್ತದೆ. ಆಮೇಲೆ ಬರುವ ನಕ್ಷೆ ಆಗಿಹೋದದ್ದನ್ನು ಗುರುತಿಸಬಲ್ಲದೇ ಹೊರತು ತಿದ್ದಲಾರದು. ಇಂಥ ನಕ್ಷೆಗಳಿಗೆ ಆಧಾರವಾದ 1961ರ ಕಾಯ್ದೆ ಬರೀ ನಗರದ್ದಲ್ಲ. ‘ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ’ ಎಂದೇ ಅದರ ಹೆಸರು. ಗ್ರಾಮಾಂತರ ಎಂಬ ಆ ಪದಕ್ಕೆ ಕಚೇರಿಗಳಲ್ಲಿ ಇನ್ನಷ್ಟು ಮರ್ಯಾದೆ ಸಿಗಬೇಕು.

ಪುರದಿಂದ ಹುಟ್ಟಿದ್ದು ‘ಪೌರ’. ಪೌರತ್ವ, ಪೌರಾಡಳಿತ, ಪೌರಾಯುಕ್ತ ಎಲ್ಲವೂ ಅದರ ಸಂತಾನ. ಆದರೆ ಆ ಪದವನ್ನು ಮೈಬೆವರಿನಿಂದ ಹೊತ್ತವರು ನಸುಕಿನಲ್ಲಿ ತುಮಕೂರಿನ ಬೀದಿ ಗುಡಿಸುವ ಪೌರಕಾರ್ಮಿಕರು. ಅಧಿಕಾರಿಯ ಪದವಿಗೂ ಪೊರಕೆ ಹಿಡಿದವರ ಕೆಲಸಕ್ಕೂ ಮೂಲ ಒಂದೇ ಪದ.

ಸಿ.ಎಸ್. ಪುರದಂಥ ಹೋಬಳಿ ಊರುಗಳು ಪುರಸಭೆಯ ಫಲಕಕ್ಕಾಗಿ ಕಾಯುವುದು ಬೇಡ. ಕಾಲುವೆ ಎಲ್ಲಿ ಹರಿಯುತ್ತದೆ, ಸಂತೆ ಎಲ್ಲಿ ಕೂಡುತ್ತದೆ, ರಸ್ತೆಗೆ ಎಷ್ಟು ಅಗಲ ಬಿಡಬೇಕು ಎಂಬುದನ್ನು ಮುಂದಿನ ಗ್ರಾಮಸಭೆಯಲ್ಲೇ ಗುರುತಿಸಿ, ನಡಾವಳಿಯಲ್ಲಿ ಬರೆಸಿ.